‘ಕಂಪ್ಯೂಟರ್ 12’ ಎಂದು ಬರೆದರೆ ಲೆಕ್ಕ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ಮಾರ್ಚ್ 31 ಹತ್ತಿರ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಸಣ್ಣ ಕಂಪನಿ, ಸಹಕಾರಿ ಸಂಘ, ಖಾಸಗಿ ಶಾಲೆಗಳ ಕಚೇರಿಯಲ್ಲಿ ಸ್ಟಾಕ್ ರಿಜಿಸ್ಟರು ಕಪಾಟಿನಿಂದ ಇಳಿಯುತ್ತದೆ. ಅದರಲ್ಲಿ ಸಾಮಾನ್ಯವಾಗಿ ಒಂದೇ ಸಾಲು: ‘ಕಂಪ್ಯೂಟರ್ 12, ರೂ. 5,76,000’. ಯಾವಾಗ ಕೊಂಡದ್ದು, ಯಾವ ಶಾಖೆಯಲ್ಲಿದೆ, ಓಡುತ್ತದೋ ಇಲ್ಲವೋ ಎಂಬುದಕ್ಕೆ ಉತ್ತರವಿಲ್ಲ. ಇದೇ ಸಾಲನ್ನು ನೋಡಿ ವಿಮೆ ಮಾಡಿಸುತ್ತಾರೆ, ಇದೇ ಸಾಲನ್ನು ನೋಡಿ ಗುಜರಿಗೂ ಕೊಡುತ್ತಾರೆ. ಎರಡು ಕಡೆಯೂ ಕೈ ಸುಟ್ಟುಕೊಳ್ಳುತ್ತಾರೆ.

‘ಇದಕ್ಕೆ ಬೆಲೆ ಎಷ್ಟು?’ ಎಂದವರನ್ನು ‘ಯಾತಕ್ಕೆ ಬೇಕು?’ ಎಂದು ಮೊದಲು ಕೇಳಬೇಕು. 2022ರ ಜುಲೈ 1ರಂದು ಜಿಎಸ್‌ಟಿ ಬಿಟ್ಟು 48,000 ರೂಪಾಯಿಗೆ ಕೊಂಡ ಒಂದು ಡೆಸ್ಕ್‌ಟಾಪ್ ಇದೆ ಎನ್ನೋಣ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಂತೆ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳ ಆಯುಷ್ಯ 3 ವರ್ಷ, ಸರ್ವರ್ ಮತ್ತು ನೆಟ್‌ವರ್ಕ್ ಸಾಮಗ್ರಿಗೆ 6 ವರ್ಷ. ಕೊನೆಗೆ ಉಳಿಸುವ ಮೌಲ್ಯ ಸಾಮಾನ್ಯವಾಗಿ ಮೂಲ ಬೆಲೆಯ ಶೇ 5ನ್ನು ಮೀರಬಾರದು. ಹಾಗಾಗಿ ವರ್ಷಕ್ಕೆ 15,200ರಂತೆ ಸವಕಳಿ (ಬಳಕೆಯಿಂದ ಇಳಿದ ಮೌಲ್ಯ) ಕಳೆದು 2025ರ ಜೂನ್ ಕೊನೆಗೆ ಪುಸ್ತಕದಲ್ಲಿ ಉಳಿಯುವುದು 2,400. ಆದಾಯ ತೆರಿಗೆಯ ಲೆಕ್ಕ ಬೇರೆ. ಅಲ್ಲಿ ಪ್ರತಿ ವರ್ಷ ಉಳಿದ ಮೊತ್ತದ ಮೇಲೆ ಶೇ 40 ಕಳೆಯುತ್ತಾರೆ. ವರ್ಷಾಂತ್ಯಗಳಲ್ಲಿ ಉಳಿಯುವುದು 28,800, 17,280, 10,368, ಮತ್ತು 2026ರ ಮಾರ್ಚ್ 31ಕ್ಕೆ 6,221. ಅದೂ ಒಂದೊಂದು ಯಂತ್ರಕ್ಕಲ್ಲ, ಕಂಪ್ಯೂಟರುಗಳ ಇಡೀ ಗುಂಪಿಗೆ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಶೇ 20 ಮಾತ್ರ. ತೆರಿಗೆ ಉಳಿಯುತ್ತದೆಂದು ಮಾರ್ಚ್ ಕೊನೆಯ ವಾರ ಅಂಗಡಿಗೆ ಓಡುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಅದೇ ಡೆಸ್ಕ್‌ಟಾಪ್‌ನ ಜಾಗಕ್ಕೆ ಹೊಸತು ತರಲು ಇಂದು 50,000 ಬೇಕಾದರೆ ವಿಮೆಗೆ ಬೇಕಾದ ಅಂಕಿ ಅದು. ಇಲೆಕ್ಟ್ರಾನಿಕ್ ಉಪಕರಣಗಳ ವಿಮೆಯಲ್ಲಿ ವಿಮಾ ಮೊತ್ತ ಹೊಸದರ ಬೆಲೆಗೆ ಸಮನಾಗಿರಬೇಕು. 12 ಯಂತ್ರಕ್ಕೆ 6,00,000 ಆಗಬೇಕಾದಲ್ಲಿ ಪುಸ್ತಕದ ಬೆಲೆ ನೋಡಿ 1,50,000ಕ್ಕೆ ಮಾಡಿಸಿದರೆ ಕಾಲು ಭಾಗ ಮಾತ್ರ ವಿಮೆಯಾಯಿತು. ಸಿಡಿಲಿಗೆ 40,000ದ ಹಾನಿಯಾದರೆ ಕೈಗೆ ಬರುವುದೂ ಕಾಲು ಭಾಗ, 10,000. ಅದರಲ್ಲೂ ಪಾಲಿಸಿಯ ಕಡಿತ ಕಳೆಯಬೇಕು. ಕಂತು ಕಡಿಮೆಯಾಯಿತೆಂದು ಖುಷಿಪಟ್ಟದ್ದಕ್ಕೆ ಸಿಗುವ ಫಲ ಇದು.

ಸಹಕಾರಿ ಸಂಘಗಳಿಗೆ ಕಂಪನಿ ಕಾಯ್ದೆಯ ಅನುಸೂಚಿ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಕಂಪ್ಯೂಟರನ್ನು ಮೇಜು ಕುರ್ಚಿಯ ಸಾಲಿಗೆ ಸೇರಿಸಿ ಪ್ರತಿ ವರ್ಷ ಉಳಿದ ಮೊತ್ತದ ಶೇ 10ರಂತೆ ಕಳೆಯುತ್ತ ಬಂದರೆ ಹತ್ತು ವರ್ಷ ಹಳೆಯ ಸತ್ತ ಪೆಟ್ಟಿಗೆಯೂ ಆಸ್ತಿ ಪಟ್ಟಿಯಲ್ಲಿ ಮೂಲ ಬೆಲೆಯ ಮೂರನೇ ಒಂದು ಭಾಗ ಹೊತ್ತು ಕುಳಿತಿರುತ್ತದೆ.

ಆರಂಭದ ಬೆಲೆಯೇ ತಪ್ಪಿದ್ದರೆ ಮುಂದಿನದೆಲ್ಲ ತಪ್ಪು. ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದಿದ್ದರೆ (ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡಿದ್ದರೆ) ಆ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಮತ್ತೆ ಸವಕಳಿ ಪಡೆಯುವಂತಿಲ್ಲ; ಕ್ರೆಡಿಟ್ ಇಲ್ಲದವರು ಸೇರಿಸಬೇಕು. ಸಾಗಾಟ, ಜೋಡಣೆ, ಕೇಬಲ್ ಎಳೆದ ಖರ್ಚು ಸೇರುತ್ತದೆ. ವಾರ್ಷಿಕ ನಿರ್ವಹಣೆಯ ಗುತ್ತಿಗೆ, ಸಿಬ್ಬಂದಿಯ ತರಬೇತಿ ಸೇರುವುದಿಲ್ಲ. ಕೀಬೋರ್ಡ್ ಹೋಗಿ ಹೊಸತು ಹಾಕಿದರೆ ದುರಸ್ತಿ; 4 ಜಿಬಿ ಇದ್ದ ರ್‍ಯಾಮ್ 16 ಜಿಬಿ ಆಗಿ, ಹಾರ್ಡ್‌ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂದರೆ ಅದು ಯಂತ್ರದ ಮೌಲ್ಯಕ್ಕೆ ಸೇರಬೇಕಾದ ಖರ್ಚು. ಯಂತ್ರದೊಡನೆ ಬಂದ ವಿಂಡೋಸ್ ಆ ಮದರ್‌ಬೋರ್ಡಿಗೇ ಅಂಟಿಕೊಂಡದ್ದು. ಅದಕ್ಕೆ ಬೇರೆ ಬೆಲೆ ಕಟ್ಟಬೇಡಿ.

ಇನ್ನು ಎಣಿಕೆ. ನಮ್ಮಲ್ಲಿ ಪೆಟ್ಟಿಗೆಗೇ ‘ಸಿಪಿಯು’ ಎನ್ನುವ ರೂಢಿ. ಬಿಲ್ಲಿನಲ್ಲಿ ಅಂಗಡಿಯವರು ಬರೆದ ಸಿಪಿಯು ಎಂದರೆ ಒಳಗಿನ ಚಿಪ್ ಮಾತ್ರ, ರಿಜಿಸ್ಟರಿನ ಸಿಪಿಯು ಎಂದರೆ ಇಡೀ ಪೆಟ್ಟಿಗೆ. ಇಂಗ್ಲಿಷ್ ಬಿಲ್ಲು, ಮಲಯಾಳ ರಿಜಿಸ್ಟರು, ಕನ್ನಡದಲ್ಲಿ ಮಾತಾಡುವ ಸಮಿತಿ ಇರುವಲ್ಲಿ ಒಂದೇ ಯಂತ್ರ ಎರಡು ಸಲ ಎಣಿಕೆಯಾಗುವುದು ಅಪರೂಪವಲ್ಲ. ಕಂಪನಿಯಲ್ಲಿ ಮಾಡಿದ ಯಂತ್ರವಾದರೆ ಅದು ಶುರುವಾಗುವಾಗ ಮೊದಲು ಓಡುವ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಸೀರಿಯಲ್ ಸಂಖ್ಯೆ ಇರುತ್ತದೆ. ಇಲ್ಲಿಯ ಅಂಗಡಿಗಳಲ್ಲಿ ಅಸೆಂಬಲ್ ಮಾಡಿದ ಪೆಟ್ಟಿಗೆಯಲ್ಲಿ ನೋಡಿದರೆ ಎಷ್ಟೋ ಸಲ ಸೀರಿಯಲ್ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಓ.ಇ.ಎಂ.’ (ತಯಾರಕರು ತುಂಬಬೇಕಾದದ್ದು) ಎಂದಷ್ಟೇ ಕಾಣುತ್ತದೆ. ಅಂಥದ್ದಕ್ಕೆ ಮುಚ್ಚಳ ತೆರೆದು ಮದರ್‌ಬೋರ್ಡಿನ ಮೇಲಿನ ಸಂಖ್ಯೆ ಬರೆದುಕೊಳ್ಳಿ. ನಿಮ್ಮದೇ ಗುರುತು ಒಂದು ಹೊರಗೆ, ಒಂದು ಒಳಗೆ ಹಾಕಿ. ಕಾಗದದ ಸ್ಟಿಕ್ಕರು ಒಂದು ಮಳೆಗಾಲ ಕಳೆದರೆ ಉದುರುತ್ತದೆ, ಪೇಂಟ್ ಮಾರ್ಕರ್ ನಿಲ್ಲುತ್ತದೆ. ಮಾನಿಟರನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಅದು ಪೆಟ್ಟಿಗೆಗಿಂತ ಹೆಚ್ಚು ಕಾಲ ಬಾಳುತ್ತದೆ. ದುರಸ್ತಿಗೆಂದು ಮಂಗಳೂರಿಗೆ ಹೋದದ್ದು ಎಣಿಕೆಯ ದಿನ ಕಣ್ಣಿಗೆ ಬೀಳುವುದಿಲ್ಲ. ತಲಪಾಡಿಯ ರಾಜ್ಯ ಗಡಿ ದಾಟಿಸಲು ಕಚೇರಿಯಿಂದ ಬರೆದುಕೊಟ್ಟ ಡೆಲಿವರಿ ಚಲನ್ನಿನ (ಸಾಮಾನು ಕಳಿಸಿದ್ದಕ್ಕೆ ಬರೆಯುವ ಚೀಟಿ) ಪ್ರತಿ ಉಳಿದಿದ್ದರೆ ಅದು ಎಲ್ಲಿದೆ ಎಂಬುದಕ್ಕೆ ದಾಖಲೆಯಾಗುತ್ತದೆ.

ಮಾರುಕಟ್ಟೆಯ ಬೆಲೆಗೆ ಬಂದರೆ ‘ಐ5 ಕಂಪ್ಯೂಟರ್’ ಎಂಬ ಮಾತಿಗೆ ಅರ್ಥವೇ ಇಲ್ಲ. ಐ5 ಎಂಬುದು ಇಂಟೆಲ್ ಕಂಪನಿಯ ಪ್ರೊಸೆಸರ್ ಚಿಪ್ಪಿನ ಹೆಸರು. 2011ರ ಐ5-2400 ಸಹ ಐ5, 2022ರ ಐ5-12400 ಸಹ ಐ5. ಅಡ್ಡಗೆರೆಯ ನಂತರದ ಸಂಖ್ಯೆಯ ಆರಂಭ (2400ರಲ್ಲಿ 2, 12400ರಲ್ಲಿ 12) ತಲೆಮಾರನ್ನು ಹೇಳುತ್ತದೆ, ಬೆಲೆ ಇರುವುದು ಅಲ್ಲಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಸುಮಾರಾಗಿ 8ನೇ ತಲೆಮಾರಿನಿಂದ ಈಚಿನವನ್ನೇ ಒಪ್ಪುತ್ತದೆ, ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಬೇಕೆನ್ನುತ್ತದೆ. ಹೀಗಾಗಿ 7ನೇ ಮತ್ತು 8ನೇ ತಲೆಮಾರಿನ ನಡುವೆ ವೇಗದ ಅಂತರಕ್ಕಿಂತ ಬೆಲೆಯ ಅಂತರ ದೊಡ್ಡದು. 6, 7ನೇ ತಲೆಮಾರಿನವು ಕೆಲಸಕ್ಕೆ ಬಾರದವೆಂದಲ್ಲ. ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ರಾಜ್ಯ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಲಿನಕ್ಸ್ ಓಡುವಂತೆ ಅವುಗಳಲ್ಲೂ ಓಡುತ್ತದೆ. ಆದರೆ ಕೊಳ್ಳುವವರು ಅವಕ್ಕೆ 8ನೇ ತಲೆಮಾರಿನ ಬೆಲೆ ಕೊಡುವುದಿಲ್ಲ ಎಂಬುದೂ ನಿಜ. ಇನ್ನೊಂದು ವಿಚಿತ್ರ: 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಒಮ್ಮೆಲೇ ಏರಿತು. ಪುಸ್ತಕದಲ್ಲಿ 2,400 ಎಂದಿರುವ ಪೆಟ್ಟಿಗೆಯೊಳಗಿನ 16 ಜಿಬಿ ಡಿಡಿಆರ್4 ರ್‍ಯಾಮ್ ಕಡ್ಡಿಯೊಂದೇ ಅದಕ್ಕಿಂತ ಹೆಚ್ಚು ಬೆಲೆ ಬಾಳಬಹುದು. ಮುಚ್ಚಳ ತೆರೆಯದೆ ಬೆಲೆ ಕಟ್ಟಬೇಡಿ ಎನ್ನುವುದು ಇದಕ್ಕೇ.

ತೆರೆದಾಗ ನೋಡಬೇಕಾದ್ದು ನಮ್ಮ ಹವೆಯ ಗುರುತುಗಳನ್ನು. ಕಡಲ ಬದಿಯ ಉಪ್ಪಳ, ಕುಂಬಳೆಗಳಲ್ಲಿ ಉಪ್ಪುಗಾಳಿಗೆ ಪೋರ್ಟುಗಳ ತಗಡು ತುಕ್ಕು ಹಿಡಿದಿರುತ್ತದೆ, ಮಳೆಗಾಲವಿಡೀ ಮುಚ್ಚಿದ್ದ ಕೋಣೆಯಲ್ಲಾದರೆ ರ್‍ಯಾಮ್‌ನ ಕಾಲುಗಳು ಕಪ್ಪಿಟ್ಟಿರುತ್ತವೆ. ಅಡಿಕೆ ಸುಲಿಯುವ ಶೆಡ್ಡಿನ ಪಕ್ಕದ ಕಚೇರಿಗಳಲ್ಲಿ ಪವರ್ ಸಪ್ಲೈಯ ಫ್ಯಾನು ಧೂಳು ಕಟ್ಟಿ ನಿಂತು, ಕೆಪ್ಯಾಸಿಟರುಗಳ ತಲೆ ಉಬ್ಬಿರುತ್ತದೆ. ಬದಿಯಡ್ಕ, ಪೆರ್ಲದ ಗುಡ್ಡಗಳ ಕಡೆ ಮೇ ಕೊನೆಗೆ ಬರುವ ಪತ್ತನಾಜೆಗೆ ಮುಂಚಿನ ಸಿಡಿಲು, ದೀಪಾವಳಿ ಸುಮಾರಿನ ಸಿಡಿಲು ಕೇಬಲ್ ಹಿಡಿದು ಬಂದು ನೆಟ್ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟನ್ನಷ್ಟೇ ಸುಟ್ಟು ಹೋಗುತ್ತದೆ. ಯಂತ್ರ ಓಡುತ್ತಿರುತ್ತದೆ, ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿ ನೆಟ್ ಬರಿಸಿರುತ್ತಾರೆ, ‘ಸರಿ ಇದೆ’ ಎಂದು ಪಟ್ಟಿಗೆ ಸೇರುತ್ತದೆ. ಪ್ರತಿ ಪೋರ್ಟಿಗೆ ಕೇಬಲ್ ಸಿಕ್ಕಿಸಿ ದೀಪ ಹತ್ತುತ್ತದೋ ನೋಡಿ. ಹಲವು ಯಂತ್ರಗಳ ನೆಟ್ ಕೇಬಲ್ ಕೂಡಿಸುವ ಸ್ವಿಚ್ಚಿನಲ್ಲೂ ಹಾಗೆಯೇ: 8ರಲ್ಲಿ 2 ಪೋರ್ಟು ಸತ್ತ ಸ್ವಿಚ್ಚಿಗೆ ಮುಕ್ಕಾಲು ಬೆಲೆ ಸಿಗುವುದಿಲ್ಲ, ಉಳಿದವೂ ಪೆಟ್ಟು ತಿಂದಿವೆ ಎಂದೇ ಕೊಳ್ಳುವವರು ಲೆಕ್ಕ ಹಾಕುತ್ತಾರೆ.

ಡಿಸ್ಕಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ಸಲಕರಣೆ ಸಾಕು. ಹಾರ್ಡ್‌ಡಿಸ್ಕಿನಲ್ಲಿ ಮರುಹಂಚಿಕೆಯಾದ ಸೆಕ್ಟರು (ಕೆಟ್ಟು ಬದಲಿ ಪಡೆದ ಭಾಗ), ಬಾಕಿ ಇರುವ ಸೆಕ್ಟರುಗಳ (ಓದಲು ಕಷ್ಟವಾಗಿ ಕಾದಿರುವ ಭಾಗ) ಎಣಿಕೆ ಸೊನ್ನೆಯಿಂದ ಮೇಲೇರಿದ್ದರೆ ಆ ಡಿಸ್ಕಿಗೆ ಬೆಲೆ ಸೊನ್ನೆ ಎಂದು ಬರೆಯಿರಿ. ಲ್ಯಾಪ್‌ಟಾಪಿಗೆ ಕಮಾಂಡ್ ಪ್ರಾಂಪ್ಟಿನಲ್ಲಿ ‘powercfg /batteryreport’ ಎಂದು ಬರೆದು ವರದಿ ಕೇಳಿದರೆ ವಿನ್ಯಾಸದ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಎರಡೂ ಬರುತ್ತವೆ. ಅರ್ಧಕ್ಕಿಂತ ಕೆಳಗಿಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆಯಿರಿ. ಕೆಲಸ ಬಿಟ್ಟು ಹೋದವರು ಹಾಕಿದ ಬಯೋಸ್ ಪಾಸ್‌ವರ್ಡ್ ಉಳಿದಿದ್ದರೆ ಎಂಥ ಹೊಸ ಲ್ಯಾಪ್‌ಟಾಪ್ ಆದರೂ ಬಿಡಿಭಾಗದ ಬೆಲೆಗೇ ಹೋಗುವುದು. ಹೊರಗಿನ ದಾಳಿಯಿಂದ ಕಚೇರಿಯ ನೆಟ್ ಕಾಯುವ ಫೈರ್‌ವಾಲ್ ಪೆಟ್ಟಿಗೆಗಳದ್ದೂ ಅದೇ ಕಥೆ. ಚಂದಾ ಮುಗಿದರೆ ಅದು ಬರೀ ತಗಡು. ಸರ್ವರಿಗೆ ಪುಸ್ತಕದಲ್ಲಿ 6 ವರ್ಷ ಆಯುಷ್ಯವಿದ್ದರೂ ಈ ಕಡೆ ಹಳೆಯ ಸರ್ವರ್ ಕೊಳ್ಳುವವರು ಸಿಗುವುದು ಕಷ್ಟ, ಅದರ ನಿಜಬೆಲೆ ಡೆಸ್ಕ್‌ಟಾಪಿಗಿಂತ ಬೇಗ ಕುಸಿಯುತ್ತದೆ. ಇದಕ್ಕೆ ತಿರುಗುಮುರುಗಾದದ್ದು ಡಾಟ್ ಮ್ಯಾಟ್ರಿಕ್ಸ್ ಮತ್ತು ಪಾಸ್‌ಬುಕ್ ಪ್ರಿಂಟರು. ಎಷ್ಟೇ ಹಳತಾದರೂ ಕಾರ್ಬನ್ ಪ್ರತಿ ಬೇಕಾದವರು ಇರುವವರೆಗೆ ಗಿರಾಕಿ ಇದ್ದೇ ಇರುತ್ತಾರೆ. ಯುಪಿಎಸ್‌ಗೆ ಬೆಲೆ ಕಟ್ಟುವಾಗ ಬ್ಯಾಟರಿ ಬೇರೆ ಮಾಡಿ. 12 ವೋಲ್ಟಿನ ಸೀಸದ ಬ್ಯಾಟರಿ ಎರಡು ಮೂರು ವರ್ಷಕ್ಕೆ ಮುಗಿಯುವ ವಸ್ತು.

ಮಾರುವಾಗ ಹೆಚ್ಚಿನವರು ಎಡವುವ ಕಲ್ಲು ಒಂದಿದೆ. ಇನ್‌ಪುಟ್ ಕ್ರೆಡಿಟ್ ಪಡೆದ ಯಂತ್ರವನ್ನು ಮಾರಿದರೆ, ಮಾರಿದ ಬೆಲೆಯ ಮೇಲಿನ ತೆರಿಗೆ ಅಥವಾ ಪಡೆದ ಕ್ರೆಡಿಟ್‌ನಲ್ಲಿ ಪ್ರತಿ ತ್ರೈಮಾಸಿಕಕ್ಕೆ ಶೇ 5 ಕಳೆದು ಉಳಿದದ್ದು, ಇವೆರಡರಲ್ಲಿ ದೊಡ್ಡದನ್ನು ಕಟ್ಟಬೇಕು. 48,000ಕ್ಕೆ ಶೇ 18ರಂತೆ ಪಡೆದ ಕ್ರೆಡಿಟ್ 8,640. ಎರಡು ವರ್ಷಕ್ಕೆ ಮಾರಿದರೆ ಶೇ 40 ಕಳೆದು 5,184. ಯಂತ್ರ 15,000ಕ್ಕೆ ಹೋದರೆ ಅದರ ಮೇಲಿನ ತೆರಿಗೆ 2,700 ಮಾತ್ರ, ಆದರೆ ಕಟ್ಟಬೇಕಾದ್ದು 5,184. ಈ ವ್ಯತ್ಯಾಸವನ್ನು ನಿವ್ವಳ ಬೆಲೆಯಿಂದ ಕಳೆಯದೆ ‘ಒಳ್ಳೆಯ ರೇಟು ಸಿಕ್ಕಿತು’ ಎಂದು ನಿರ್ಣಯ ಬರೆಯುವವರೇ ಹೆಚ್ಚು.

ತಕ್ಕಡಿಗೆ ಹಾಕಿ ಕೊಡುವುದು ಎಲ್ಲಕ್ಕಿಂತ ಕೆಟ್ಟ ಕ್ರಮ. ಕಿಲೋ ಲೆಕ್ಕದಲ್ಲಿ ತೂಗುವುದು ಕಬ್ಬಿಣದ ಪೆಟ್ಟಿಗೆ, ಬೆಲೆ ಇರುವುದು ಹಗುರವಾದ ಬೋರ್ಡು, ಚಿಪ್ಪು, ರ್‍ಯಾಮ್‌ನಲ್ಲಿ. ಓಡುವುದನ್ನು ಬೇರೆ, ಸತ್ತದ್ದನ್ನು ಬೇರೆ, ಬ್ಯಾಟರಿಯನ್ನು ಬೇರೆ ಮಾಡಿ ದರ ಕೇಳಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಸತ್ತ ಯಂತ್ರ ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ಕೇರಳದಲ್ಲಿ ಕ್ಲೀನ್ ಕೇರಳ ಕಂಪನಿ ಇ-ತ್ಯಾಜ್ಯ ಸಂಗ್ರಹಿಸುತ್ತದೆ. ಕೊಡುವ ಮೊದಲು ಡಿಸ್ಕು. ಸದಸ್ಯರ ಆಧಾರ್, ಪ್ಯಾನ್, ಸಾಲದ ಕಡತ ಎಲ್ಲವೂ ಅದರಲ್ಲಿದೆ, ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಯುವುದಿಲ್ಲ. ಹಾರ್ಡ್‌ಡಿಸ್ಕನ್ನು ಪೂರ್ತಿ ಒಮ್ಮೆ ಮೇಲೆ ಬರೆದು ಅಳಿಸಬೇಕು. ಎಸ್‌ಎಸ್‌ಡಿಗೆ ಆ ವಿಧಾನ ಸಾಲದು, ತಯಾರಕರ ಸೆಕ್ಯೂರ್ ಇರೇಸ್ ಬೇಕು. ಏಳದ ಡಿಸ್ಕಿಗೆ ಡ್ರಿಲ್ಲೇ ಗತಿ. ದೊಡ್ಡ ಜೆರಾಕ್ಸ್ ಯಂತ್ರದ ಒಳಗೂ ಡಿಸ್ಕು ಇರಬಹುದು ಎಂಬುದು ನೆನಪಿರಲಿ. ಡಿಸ್ಕು ತೆಗೆದೇ ಕೊಡುವುದಾದರೆ ಅದರ ಬೆಲೆ ಕಳೆದು ದರ ನಿಗದಿ ಮಾಡಿ.

ಆಸ್ತಿ ಪಟ್ಟಿಯ ನಮೂನೆ ತಯಾರಿಸುವ ಲೆಕ್ಕಪರಿಶೋಧಕರಲ್ಲಿ ನಮ್ಮ ಕೋರಿಕೆ ಇಷ್ಟೇ. ಈಗಿರುವ ‘ವಿವರ, ಸಂಖ್ಯೆ, ಮೊತ್ತ, ಸವಕಳಿ’ ಎಂಬ ನಾಲ್ಕು ಅಂಕಣಗಳಿಗೆ ಇನ್ನೂ ನಾಲ್ಕು ಸೇರಿಸಿ: ಗುರುತು ಸಂಖ್ಯೆ, ಈಗಿರುವ ಜಾಗ, ಕಣ್ಣಾರೆ ನೋಡಿದ ದಿನಾಂಕ, ಇಂದು ಹೊಸದಕ್ಕೆ ತಗಲುವ ಬೆಲೆ. ಲೆಕ್ಕದಲ್ಲಿ ಪೂರ್ತಿ ಸವೆದರೂ ಬಳಕೆಯಲ್ಲಿರುವ ಯಂತ್ರವನ್ನು ಪಟ್ಟಿಯಿಂದ ಹೊಡೆದು ಹಾಕಿಸಬೇಡಿ. 12 ಯಂತ್ರದ ಕಚೇರಿಗೆ ಇದು ಒಂದು ದಿನದ ಕೆಲಸ. ಕರೆಂಟು ಕೈಕೊಟ್ಟರೆ ಒಂದೂವರೆ ದಿನ.

ಇತಿ,
ಲೆಕ್ಕಪತ್ರ ಮತ್ತು ಹಾರ್ಡ್‌ವೇರ್ ಕೆಲಸದವರು,
ಬದಿಯಡ್ಕ, ಕಾಸರಗೋಡು ಜಿಲ್ಲೆ