ತಲೆಗೆ ಎಣ್ಣೆ ಹಚ್ಚಬೇಡಿ ಅನ್ನುವುದನ್ನು ಕನ್ನಡದಲ್ಲಿ ಹೇಳಬಾರದೇ?

ಸಂಪಾದಕರಿಗೆ ನಮಸ್ಕಾರ,

ನಾನು ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಶಿರಸಿಯಿಂದ ಒಳಗೆ 12 ಕಿಲೋಮೀಟರ್ ದೂರದ ಹಳ್ಳಿ ನಮ್ಮದು. ಕಳೆದ ತಿಂಗಳು ಗಾಮಾ ನೈಫ್ ಚಿಕಿತ್ಸೆಗೆ, ಅಂದರೆ ತಲೆಯೊಳಗಿನ ಗಂಟಿಗೆ ಕಿರಣ ಕೊಡಿಸಲು ಅಂತ ರಾತ್ರಿ ಬಸ್ ಹಿಡಿದು ಬೆಂಗಳೂರಿಗೆ ಹೋದೆ. ಸುಮಾರು 400 ಕಿಲೋಮೀಟರ್. ಚಿಕಿತ್ಸೆ ಆಗಲಿಲ್ಲ, ಮರುದಿನ ರಾತ್ರಿ ಬಸ್ಸಿಗೇ ವಾಪಸ್ ಬಂದೆ. ಯಾಕೆ ಅಂತ ಹೇಳುವ ಮೊದಲು ಕಿವಿಯ ಕತೆ ಹೇಳಬೇಕು.

ಶುರುವಾಗಿದ್ದು ಫೋನಿನಿಂದ. ನಾನು ಯಾವಾಗಲೂ ಫೋನ್ ಹಿಡಿಯುವುದು ಎಡಗಿವಿಗೆ. ಆ ಕಡೆಯವರು ಗೊಣಗಿದ ಹಾಗೆ ಕೇಳುತ್ತಿತ್ತು. ನಮ್ಮೂರಲ್ಲಿ ಗುಡ್ಡ ಹತ್ತದೆ ಟವರ್ ಸಿಗುವುದಿಲ್ಲ, ಹಾಗಾಗಿ ಎರಡು ವರ್ಷ ಟವರನ್ನೇ ಬೈದೆ. ಒಂದು ದಿನ ಎಡಗೈಯಲ್ಲಿ ಹಾಲಿನ ಕ್ಯಾನ್ ಇತ್ತು, ಫೋನ್ ಬಲಗಿವಿಗೆ ಹಿಡಿದೆ, ಮಗಳ ಮಾತು ಗಂಟೆ ಹೊಡೆದಷ್ಟು ಸ್ಪಷ್ಟ! ಜೊತೆಗೆ ಜೀರುಂಡೆಯ ಸದ್ದು. ಮಳೆಗಾಲದಲ್ಲಿ ಅದು ಇದ್ದದ್ದೇ ಅಂತ ಸುಮ್ಮನಿದ್ದೆ. ಚಳಿ ಬಂದು ಅಡಿಕೆ ಕೊಯ್ಲು ಮುಗಿದರೂ ಜೀರುಂಡೆ ನಿಲ್ಲಲಿಲ್ಲ ನೋಡಿ, ಆಗ ಗೊತ್ತಾಯಿತು ಅದು ಕೂಗುತ್ತಿರುವುದು ಕಾಡಲ್ಲಿ ಅಲ್ಲ, ನನ್ನ ತಲೆಯಲ್ಲಿ ಅಂತ. ಕೊನೆಗೆ ಹೆದರಿಸಿದ್ದು ತೋಟಕ್ಕೆ ಹೋಗುವ ಸಂಕ (ಕಾಲುಸೇತುವೆ). ಹಗಲು ಆರಾಮಾಗಿ ದಾಟುತ್ತಿದ್ದೆ, ಕತ್ತಲಾದ ಮೇಲೆ ಕಾಲು ಒಂದು ಕಡೆಗೇ ವಾಲುತ್ತಿತ್ತು. ಕಿವಿಯ ಸಮತೋಲ ಕೆಟ್ಟಾಗ ಕಣ್ಣು ಅದನ್ನು ಸಂಭಾಳಿಸುತ್ತದಂತೆ, ಕತ್ತಲಲ್ಲಿ ಕಣ್ಣಿಗೂ ಕೆಲಸವಿಲ್ಲವಲ್ಲ.

ಮೊದಲು ತೋರಿಸಿದ ಕಡೆ ಗುಗ್ಗೆ ಅಂದರು, ಹನಿ ಕೊಟ್ಟರು. ಎರಡನೇ ಕಡೆ ವಯಸ್ಸು ಅಂದರು. ಎಂಜಿನ್ ಸದ್ದಿನಿಂದ ಆಗಿದ್ದು ಅಂತ ನನಗೂ ಅನಿಸಿತ್ತು. ಆದರೆ ವಯಸ್ಸೋ ಎಂಜಿನ್ನೋ ಆಗಿದ್ದರೆ ಎರಡೂ ಕಿವಿ ಹೋಗಬೇಕಿತ್ತು ಅಲ್ವಾ? ಹುಬ್ಬಳ್ಳಿಯಲ್ಲಿ ಕಿವಿ ಎಷ್ಟು ಕೇಳುತ್ತದೆ ಅಂತ ನೋಡುವ ಆಡಿಯೋಗ್ರಾಮ್ ಮಾಡಿಸಿ, ಆಮೇಲೆ ಚಿತ್ರ ಸ್ಪಷ್ಟವಾಗಿ ಬರಲು ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಎಂಆರ್‌ಐ ಮಾಡಿದಾಗ ಸಿಕ್ಕಿತು. ಅಕೌಸ್ಟಿಕ್ ನ್ಯೂರೋಮಾ, 19 ಮಿಲಿಮೀಟರ್. ಒಂದೇ ಕಿವಿ ಮಂದ ಆಗಿದೆ ಅನ್ನುವವರು ಓದುತ್ತಿದ್ದರೆ ದಯವಿಟ್ಟು ಹನಿ ಹಾಕಿಕೊಂಡು ವರ್ಷ ಕಳೆಯಬೇಡಿ.

ಇದು ಕ್ಯಾನ್ಸರ್ ಅಲ್ಲ. ಕಿವಿಯಿಂದ ಮಿದುಳಿಗೆ ಹೋಗುವ 8ನೇ ನರದಲ್ಲಿ, ಹೆಚ್ಚಾಗಿ ಸಮತೋಲ ನೋಡಿಕೊಳ್ಳುವ ಕವಲಿನ ಹೊದಿಕೆಯಲ್ಲಿ ಬೆಳೆಯುವ ಗಂಟು. ಸಾಮಾನ್ಯವಾಗಿ ವರ್ಷಕ್ಕೆ 1–2 ಮಿಲಿಮೀಟರ್ ಬೆಳೆಯುತ್ತದೆ, ಕೆಲವರಲ್ಲಿ ಬೆಳೆಯುವುದೇ ಇಲ್ಲ. ಅದಕ್ಕೇ ಕೆಲವರಿಗೆ ಆಗಾಗ ಎಂಆರ್‌ಐ ಮಾಡಿಸಿ ಕಾದು ನೋಡಿ ಅನ್ನುತ್ತಾರೆ. 3 ಸೆಂಟಿಮೀಟರ್ ದಾಟಿ ಮಿದುಳನ್ನು ಒತ್ತುತ್ತಿದ್ದರೆ ಆಪರೇಷನ್. ನನ್ನದು ಒಂದು ವರ್ಷದಲ್ಲಿ ಬೆಳೆದದ್ದು ಕಂಡಿತು, ಆದರೆ ಸಣ್ಣದು. ಹಾಗಾಗಿ ಕಿರಣ.

ಹೆಸರಲ್ಲಿ ನೈಫ್ ಇದ್ದರೂ ಚಾಕು ಇಲ್ಲ. ನಮ್ಮನೆಯವಳು ಎಷ್ಟು ಹೊಲಿಗೆ ಹಾಕುತ್ತಾರೆ ಅಂತ ವಾರಗಟ್ಟಲೆ ಕೇಳಿದಳು. ಅವಳಿಗೆ ನಾನು ಹೇಳಿದ್ದು ಮಾರಿಕಾಂಬಾ ಜಾತ್ರೆಯ ಲೆಕ್ಕ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂದಾಗ ಕುಮಟಾ, ಸಿದ್ದಾಪುರ, ಯಲ್ಲಾಪುರ, ಬನವಾಸಿ, ಎಲ್ಲ ಕಡೆಯಿಂದ ಬಸ್ಸು ಬರುತ್ತದೆ. ಒಂದೊಂದು ದಾರಿಯಲ್ಲಿ ನೋಡಿದರೆ ಅಂಥ ಗದ್ದಲ ಇಲ್ಲ, ಎಲ್ಲ ಬಂದು ಸೇರುವ ಕಡೆ ಮಾತ್ರ ಕಾಲಿಡಲು ಜಾಗ ಇರುವುದಿಲ್ಲ. ಇಲ್ಲೂ ಹಾಗೇ. ಸುಮಾರು 200 ಕೋಬಾಲ್ಟ್ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬರುತ್ತವೆ. ದಾರಿಯಲ್ಲಿ ಒಂದೊಂದೂ ದುರ್ಬಲ, ಸೇರುವ ಜಾಗದಲ್ಲಿ ಮಾತ್ರ ಜೋರು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಅನ್ನುವ ವೈದ್ಯರು 1951ರಲ್ಲೇ ಈ ಯೋಚನೆ ಮಾಡಿದ್ದರು, ಮೊದಲ ಗಾಮಾ ಯಂತ್ರ 1968ರಲ್ಲಿ ಬಂತು. ನಮ್ಮಂಥವರಿಗೆ ಕೊಡುವುದು ಸಾಮಾನ್ಯವಾಗಿ ಒಂದೇ ಸಲ, 12–13 ಗ್ರೇ (ಗ್ರೇ ಅಂದರೆ ಕಿರಣದ ಅಳತೆ). 100ರಲ್ಲಿ 90ಕ್ಕಿಂತ ಜಾಸ್ತಿ ಜನರಲ್ಲಿ ಗಂಟು ಬೆಳೆಯುವುದು ನಿಲ್ಲುತ್ತದೆ. ಮಾಯ ಆಗುವುದಿಲ್ಲ, ಹೋದ ಕಿವಿಯೂ ಬರುವುದಿಲ್ಲ, ಉಳಿದದ್ದೂ ವರ್ಷ ಕಳೆದ ಹಾಗೆ ಕಡಿಮೆ ಆಗಬಹುದು. ಇದನ್ನು ಮೊದಲೇ ತಿಳಿದು ಹೋಗಬೇಕು.

ಈಗ ನನ್ನ ತಕರಾರು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಅಲ್ಲಿಯ ಡಾಕ್ಟರು ಒಳ್ಳೆಯವರೇ. ತಯಾರಿ ಹೇಗೆ ಅಂತ ಎರಡು ಹಾಳೆ ಕೊಟ್ಟಿದ್ದರು, ಪೂರ್ತಿ ಇಂಗ್ಲಿಷಿನಲ್ಲಿ. ನಾನು ಟಿಕೆಟ್ ಮೇಲಿನ ಇಂಗ್ಲಿಷ್ ಓದಬಲ್ಲೆ, ಅಷ್ಟೇ. ಮಡಚಿ ಫೈಲಿನಲ್ಲಿ ಇಟ್ಟೆ. ಖಾಲಿ ಹೊಟ್ಟೆ ಅಂತ ಯಾರೋ ಅಂದದ್ದು ಮಾತ್ರ ನೆನಪಿತ್ತು, ಹಾಗಾಗಿ ಬಿಪಿ ಮಾತ್ರೆಯನ್ನೂ ಬಿಟ್ಟೆ. ಹೊರಡುವ ಸಂಜೆ ನಮ್ಮನೆಯವಳು ಒಳ್ಳೆಯದಾಗಲಿ ಅಂತ ನೆತ್ತಿಗೆ ಕೈತುಂಬ ತೆಂಗಿನೆಣ್ಣೆ ತಟ್ಟಿದಳು. ಬೆಳಿಗ್ಗೆ ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ 180 ದಾಟಿದೆ, ಕೂದಲಿನಿಂದ ಎಣ್ಣೆ ಇಳಿಯುತ್ತಿದೆ, ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಇಲ್ಲ. ಚಿಕಿತ್ಸೆಗೆ ಮೊದಲು ಮತ್ತೆ ಎಂಆರ್‌ಐ ಮಾಡಬೇಕು, ಆ ರಿಪೋರ್ಟ್ ನೋಡದೆ ಅದಕ್ಕೆ ಕಾಂಟ್ರಾಸ್ಟ್ ಕೊಡುವುದಿಲ್ಲ ಅಂದರು. ಬಿಪಿ ಇಳಿಯುವ ಹೊತ್ತಿಗೆ ನನ್ನ ಸರದಿ ಹೋಗಿತ್ತು. ಅಳಿಯ ರಜೆ ಹಾಕಿ ಬಂದಿದ್ದ ಪಾಪ.

ಮನೆಗೆ ಬಂದು ಮಗಳು ಆ ಹಾಳೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟಳು. ಎಲ್ಲವೂ ಇತ್ತು ಅದರಲ್ಲಿ! ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆಯಿರಿ, ಎಣ್ಣೆ ಬೇಡ. ತಲೆ ಬೋಳಿಸುವುದಿಲ್ಲ. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವಾಗಿಯೇ ಬಿಡಬೇಡಿ. ಪೇಸ್‌ಮೇಕರ್ ಇದ್ದರೂ ಹೇಳಿ. ಎಂಆರ್‌ಐಗೆ ಉಂಗುರ, ಬೆಳ್ಳಿ ಉಡಿದಾರ, ಕಟ್ಟಿಸಿದ ಹಲ್ಲಿನ ಸೆಟ್ಟು ಎಲ್ಲ ಬಿಚ್ಚಬೇಕು. ಹೊಸದಾಗಿ ಒಂದು ಆಡಿಯೋಗ್ರಾಮ್ ಇರಲಿ, ಮುಂದೆ ಹೋಲಿಸಿ ನೋಡಲು ಅದೇ ಆಧಾರ. ಮುಂದುಗಡೆ ಗುಂಡಿ ಇರುವ ಅಂಗಿ ಹಾಕಿ. ಇದೇನು ಅಂದರೆ, ತಲೆಗೆ ಒಂದು ಲೋಹದ ಚೌಕಟ್ಟು ಕೂರಿಸುತ್ತಾರೆ, ಜಾಗ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನಾಲ್ಕು ತಿರುಪು ಬಿಗಿಯುತ್ತಾರೆ (ಎಣ್ಣೆ ಬೇಡ ಅನ್ನುವುದೂ ಇದಕ್ಕೇ). ಚೌಕಟ್ಟು ಇರುವಾಗ ಬನಿಯನ್ ತಲೆಯ ಮೇಲಿಂದ ತೆಗೆಯಲು ಆಗುವುದಿಲ್ಲ. ನನ್ನ ಹಳೇ ಖಾಕಿ ಅಂಗಿ ಇದಕ್ಕೆ ಸರಿಯಾಗಿದೆ.

ಚಿಕಿತ್ಸೆ ಆದ ಮೇಲಿನದ್ದೂ ಇತ್ತು. ತಿರುಪಿನ ಜಾಗ ನೋಯಬಹುದು, ಹಣೆ ಊದಬಹುದು. ಆರು ತಿಂಗಳಿಗೆ ಎಂಆರ್‌ಐ ಮಾಡಿದಾಗ ಗಂಟು ಮೊದಲಿಗಿಂತ ದೊಡ್ಡದಾಗಿ ಕಂಡರೆ ಗಾಬರಿ ಬೇಡ, ಕೆಲವರಲ್ಲಿ ಊದಿಕೊಂಡು ಆಮೇಲೆ ಇಳಿಯುತ್ತದೆ. ಮೈಯಲ್ಲಿ ಕಿರಣ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಈ ಕೊನೇ ಸಾಲು ಗೊತ್ತಿಲ್ಲದೆ ನಾನು ಸುಮ್ನೆ ಎಷ್ಟು ರಾತ್ರಿ ನಿದ್ದೆಗೆಟ್ಟೆ.

ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಹಳೆಯದು. 2022ರ ಜುಲೈನಲ್ಲಿ ರೋಗಿಯನ್ನು ಕರೆದುಕೊಂಡು ಹೊನ್ನಾವರದಿಂದ ಪಕ್ಕದ ಜಿಲ್ಲೆಗೆ ಹೊರಟ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಮಗುಚಿದ ಮೇಲೆ ನಾನೂ ಮೆರವಣಿಗೆಯಲ್ಲಿ ಕೂಗಿದವನೇ. ಅದು ಬೇರೆ ಹೋರಾಟ. ಗಾಮಾ ಯಂತ್ರವನ್ನು ಶಿರಸಿಗೆ ತನ್ನಿ ಅನ್ನುವಷ್ಟು ದಡ್ಡ ನಾನಲ್ಲ, ಅದು ಕೋಟಿಗಟ್ಟಲೆ ರೂಪಾಯಿಯ ಬಾಬತ್ತು. ಆದರೆ ಕ್ರಿಯಾಟಿನಿನ್, ಬಿಪಿ, ಕಿವಿ ಪರೀಕ್ಷೆ, ಇವನ್ನೆಲ್ಲ ಶಿರಸಿಯಲ್ಲೋ ಕಾರವಾರದ ಮೆಡಿಕಲ್ ಕಾಲೇಜಿನಲ್ಲೋ ಮುಗಿಸಿ, ವಾರದ ಮೊದಲೇ ರಿಪೋರ್ಟ್ ಫೋನಿನಲ್ಲಿ ತರಿಸಿಕೊಂಡು, ಸರಿ ಇದ್ದರೆ ಮಾತ್ರ ಹೊರಡಿ ಅಂತ ಹೇಳಲು ಏನು ಕಷ್ಟ? ಆ ಎರಡು ಹಾಳೆ ಕನ್ನಡದಲ್ಲಿ ಇರಲು ಎಷ್ಟು ಖರ್ಚು?

ನನಗೆ ಮುಂದಿನ ತಿಂಗಳು ಮತ್ತೆ ದಿನ ಕೊಟ್ಟಿದ್ದಾರೆ. ಬರೆಸಲು ಆಸ್ಪತ್ರೆಯವರಿಗೆ ಪುರುಸೊತ್ತು ಇಲ್ಲದಿದ್ದರೆ, ಮಗಳು ಬರೆದದ್ದನ್ನು 20 ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ, ಹೋಗುವಾಗ ಕೊಟ್ಟು ಬರುತ್ತೇನೆ.

– ನಿವೃತ್ತ ಕಂಡಕ್ಟರ್, ಶಿರಸಿ ತಾಲೂಕು