ಗಾಜಿನ ಒಡವೆ ಕಲಿಸುವವರು ತಣಿಸುವುದನ್ನೂ ಕಲಿಸಲಿ

ಮಾನ್ಯರೇ,

ಕಿಲ್ನ್‌ನಲ್ಲಿ (ವಿದ್ಯುತ್ ಕುಲುಮೆಯಲ್ಲಿ) ಗಾಜು ಬೆಸೆದು ಪೆಂಡೆಂಟ್, ಓಲೆ ಮಾಡಿ ಮಾರುವ ಮನೆ ಉದ್ಯೋಗದ ಬಗ್ಗೆ ಈಚೆಗೆ ವಿಡಿಯೊಗಳು, ವಾರಾಂತ್ಯದ ಶಿಬಿರಗಳು ಹೆಚ್ಚಾಗಿವೆ. ಒಂದು ಕೋಣೆಯಲ್ಲಿ ನಡೆಯುವ, ಕೈ ಕುದುರಿದರೆ ಅನ್ನ ಕೊಡುವ ಕೆಲಸ ಇದು. ಹೆಚ್ಚು ಜನ ಕಲಿಯಲಿ ಎಂಬುದೇ ನಮ್ಮ ಆಸೆ. ಆದರೆ ಬಹುಪಾಲು ಕಡೆ ಪಾಠ ಗಾಜು ಕರಗುವಲ್ಲಿಗೇ ಮುಗಿಯುತ್ತದೆ. ಒಡವೆ ಸೀಳುವುದು ಸಾಮಾನ್ಯವಾಗಿ ತಣಿಯುವಾಗ. ಕೆಲವು ಸಲ ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಅದು ಗಿರಾಕಿಯ ಕೊರಳಲ್ಲಿರುತ್ತದೆ.

ಮೊದಲ ಪ್ರಶ್ನೆ, ಯಾವ ಗಾಜು? ಹೊಸಬರ ಕೈ ಹೋಗುವುದು ಒಡೆದ ಬಳೆ ಚೂರು, ಖಾಲಿ ಬಾಟಲಿ, ಕಿಟಕಿಯ ತುಂಡುಗಳ ಕಡೆಗೆ. ಮೂರೂ ಗಾಜೇ, ಆದರೆ ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ ಬೇರೆ. ಬೆಸೆಯುವುದಕ್ಕೆಂದೇ ತಯಾರಾಗುವ ಹಾಳೆಗಳ ಮೇಲೆ 90 ಅಥವಾ 96 ಎಂದು ನಮೂದಿಸಿರುತ್ತಾರೆ. 90 ಎಂದರೆ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದಾಗ ಕೋಟಿಯಲ್ಲಿ 90 ಭಾಗದಷ್ಟು ಹಿಗ್ಗುವ ಗಾಜು. ಅಮೆರಿಕದ ಪೋರ್ಟ್‌ಲ್ಯಾಂಡಿನ ಬುಲ್ಸ್‌ಐ ಗಾಜು 90ರ ಪಂಗಡದ್ದು. ಇದಕ್ಕೆ 96ರ ತುಣುಕು ಸೇರಿಸಿದರೆ ತಣಿಯುವಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. 3 ಸೆಂ.ಮೀ. ಪೆಂಡೆಂಟಿನಲ್ಲಿ ಈ ವ್ಯತ್ಯಾಸ ಸುಮಾರು 8 ಮೈಕ್ರಾನ್, ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲು. ಗಟ್ಟಿಯಾದ ಗಾಜು ಅಷ್ಟನ್ನೂ ತಾಳುವುದಿಲ್ಲ.

ಬೆಸುಗೆಯ ಗಾಜು ನಮ್ಮಲ್ಲಿಗೆ ಆಮದಾಗಿ ಬರುವುದರಿಂದ ದುಬಾರಿ. ಹೀಗಾಗಿ ಗಾಜು ಕತ್ತರಿಸುವ ಅಂಗಡಿಯಲ್ಲಿ ಉಳಿಯುವ ಕಿಟಕಿ ಗಾಜಿನ ತುಂಡುಗಳಿಂದ ಶುರು ಮಾಡುವುದು ಸರಿಯಾದ ದಾರಿ. ಒಂದೇ ಒಂದು ನಿಯಮ: ಒಂದು ಒಡವೆಯ ಎಲ್ಲ ಪದರವೂ ಒಂದೇ ಹಾಳೆಯಿಂದ ಬಂದಿರಬೇಕು. ಕಂಪನಿ ಬದಲಾದರೆ ಗಾಜಿನ ಪಾಕವೂ ಬದಲಾಗಬಹುದು. ಟಫನ್ ಮಾಡಿದ (ಬಿಸಿ ಮಾಡಿ ಬೇಗ ತಣಿಸಿ ಗಟ್ಟಿಗೊಳಿಸಿದ) ಗಾಜು ಬೇಡ, ಕಟರ್ ಗೆರೆ ಎಳೆದು ಮುರಿಯಲು ಹೋದರೆ ಪುಡಿಪುಡಿಯಾಗುತ್ತದೆ. ಕಿಟಕಿ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ತಯಾರಿಸುವುದರಿಂದ ಅದರ ಎರಡು ಬದಿ ಒಂದೇ ಥರ ಇರುವುದಿಲ್ಲ. ಹಾಳೆಗೆ ಮಾರ್ಕರಿನಿಂದ ಗುರುತು ಹಾಕಿ ಎಲ್ಲ ತುಣುಕನ್ನೂ ಒಂದೇ ಮಗ್ಗುಲಿಗೆ ಜೋಡಿಸಿ, ತೊಳೆಯುವಾಗ ಗುರುತು ಅಳಿಸಿದರಾಯಿತು. ಬಾಟಲಿಯಾದರೆ ಒಂದು ಬಾಟಲಿಯ ಚೂರನ್ನು ಅದೇ ಬಾಟಲಿಯ ಚೂರಿನೊಂದಿಗೆ ಮಾತ್ರ ಬೆಸೆಯಿರಿ. ಬಳೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಫಿರೋಜಾಬಾದಿನಿಂದ ಬರುವ ಬಳೆಗಳಲ್ಲಿ ಎಷ್ಟೋ ಬಣ್ಣ ಮೇಲಿನ ಲೇಪ ಮಾತ್ರ, ಕಿಲ್ನ್‌ನಲ್ಲಿ ಸುಟ್ಟು ಹೋಗುತ್ತದೆ. ಕಿಟಕಿ ಗಾಜಿನ ಮೇಲೆ ಬಳೆ ಚೂರು ಕೂರಿಸಿದ ಪೆಂಡೆಂಟ್ ಕಣ್ಣಿಗೆ ಎಷ್ಟೇ ಚೆಂದ ಕಂಡರೂ ಪರೀಕ್ಷಿಸದೆ ಮಾರಬಾರದು.

ಪರೀಕ್ಷೆಗೆ ಬೇಕಾದದ್ದು ಎರಡು ತುಂಡು ಪೋಲರೈಸಿಂಗ್ ಫಿಲ್ಮ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ತೆಳು ಹಾಳೆ. ಹಾಳಾದ ಎಲ್‌ಸಿಡಿ ಪರದೆಯಿಂದಲೂ ಬಿಡಿಸಿಕೊಳ್ಳಬಹುದು. ಅಂಗೈಯಷ್ಟು ಬಣ್ಣವಿಲ್ಲದ ಗಾಜಿನ ಮೇಲೆ ಅನುಮಾನದ ಗಾಜಿನ ಚೂರುಗಳನ್ನು ಎರಡೆರಡು ಸೆಂ.ಮೀ. ಬಿಟ್ಟು ಇಟ್ಟು, ಪೂರ್ತಿ ಬೆಸೆದು, ಸರಿಯಾಗಿ ತಣಿಸಿ. ಒಂದು ಫಿಲ್ಮನ್ನು ಬೆಳಕಿನ ಮುಂದೆ ಹಿಡಿದು ಇನ್ನೊಂದನ್ನು ಅದರ ಮೇಲೆ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ನೋಟ ಕಪ್ಪಾಗುತ್ತದೆ. ಆಗ ನಡುವೆ ಗಾಜು ಇಡಿ. ಚೂರಿನ ಸುತ್ತ ಕಪ್ಪು ಕಪ್ಪಾಗಿಯೇ ಇದ್ದರೆ ಎರಡು ಗಾಜು ಹೊಂದಿಕೊಂಡಿವೆ. ಅಂಚಿನಲ್ಲಿ ಬಿಳಿ ಬೆಳಕಿನ ಬಳೆ ಕಟ್ಟಿದರೆ ಒಳಗೆ ಎಳೆತವಿದೆ, ಆ ಜೋಡಿ ಬಿಟ್ಟುಬಿಡಿ. ಅಚ್ಚುಕಟ್ಟಾಗಿ ಕಾಣುವ ಎಷ್ಟೋ ತುಂಡುಗಳು ಇಲ್ಲಿ ಸಿಕ್ಕಿಬೀಳುತ್ತವೆ. ಯಾವ ಶಿಬಿರದಲ್ಲಾದರೂ ಇದೊಂದನ್ನು ತೋರಿಸಲು ಹತ್ತು ನಿಮಿಷ ಸಾಕು.

ಇನ್ನು ಬೆಸುಗೆ. 3 ಮಿ.ಮೀ.ನ ಎರಡು ಪದರ ಒಡವೆಗೆ ಹದ. ಪೂರ್ತಿ ಕರಗಿದ ಗಾಜು ಸುಮಾರು 6 ಮಿ.ಮೀ. ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ. ಒಂದೇ ಪದರ ಇಟ್ಟರೆ ಅಂಚು ಒಳಕ್ಕೆ ಎಳೆದುಕೊಂಡು ಮುಳ್ಳಿನಂತೆ ಚೂಪಾಗುತ್ತದೆ, ಮೂರಿಟ್ಟರೆ ಹರಡಿ ಆಕಾರ ಕೆಡುತ್ತದೆ. ಕಿಲ್ನ್ ಒಳಗೆ ಗಾಜು ಇಡುವ ಹಲಗೆಗೆ, ಅಂದರೆ ಶೆಲ್ಫಿಗೆ, ಗಾಜು ಅಂಟದಂತೆ ತಡೆಯುವ ಕಿಲ್ನ್ ವಾಷ್ ಎಂಬ ಲೇಪವನ್ನು ಮೃದುವಾದ ಬ್ರಷ್‌ನಿಂದ ನಾಲ್ಕೈದು ಸಲ, ಪ್ರತಿ ಸಲವೂ ದಿಕ್ಕು ಬದಲಿಸಿ ಬಳಿದು ಪೂರ್ತಿ ಒಣಗಿಸಿ. ತೆಳುವಾಗಿದ್ದರೆ ಗಾಜು ಶೆಲ್ಫಿಗೆ ಕಚ್ಚಿಕೊಳ್ಳುತ್ತದೆ. ತುಣುಕುಗಳನ್ನು ಸೋಪಿನಿಂದ ತೊಳೆದು, ನಾರು ಬಿಡದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಅಂಚು ಹಿಡಿದೇ ಎತ್ತಿಡಿ. ಬೆರಳಿನ ಜಿಡ್ಡು, ಕಟರ್ ಎಣ್ಣೆ ಉಳಿದ ಕಡೆ ಗಾಜಿನ ಮೈ ಮಂಜು ಹಿಡಿದಂತೆ ಮಸುಕಾಗುತ್ತದೆ. 700ರಿಂದ 760 ಡಿಗ್ರಿ ನಡುವೆ ಹೆಚ್ಚು ಹೊತ್ತು ನಿಂತರೂ ಅದೇ ತೊಂದರೆ. ಕಿಟಕಿ ಗಾಜಿಗೆ ಈ ಕಾಟ ಹೆಚ್ಚು.

ಕಿಟಕಿ ಗಾಜಿನ 6 ಮಿ.ಮೀ. ಒಡವೆಗೆ ಒಂದು ಕ್ರಮ ಹೀಗಿದೆ. ಗಂಟೆಗೆ 200 ಡಿಗ್ರಿಯಂತೆ 650ಕ್ಕೆ ಏರಿಸಿ, ಪದರಗಳ ನಡುವಿನ ಗಾಳಿ ಹೊರಬರಲು ಅಲ್ಲಿ ಅರ್ಧ ಗಂಟೆ ನಿಲ್ಲಿಸಿ. ಈ ನಿಲುಗಡೆ ಬಿಟ್ಟರೆ ಗುಳ್ಳೆ ಉಳಿಯಬಹುದು. ಅಲ್ಲಿಂದ ಬೇಗ 830ಕ್ಕೆ ಒಯ್ದು ಹತ್ತು ನಿಮಿಷ ಇಡಿ. 90ರ ಗಾಜಿಗಾದರೆ 804ರಿಂದ 815 ಸಾಕು. ಬಳಿಕ 550ಕ್ಕೆ ಇಳಿಯಲು ಬಿಟ್ಟು ಅಲ್ಲಿ ಒಂದು ಗಂಟೆ ನಿಲ್ಲಿಸಿ. ಬುಲ್ಸ್‌ಐಗೆ ಈ ಬಿಂದು 482. ಮುಂದೆ ಗಂಟೆಗೆ 80 ಡಿಗ್ರಿಯಂತೆ 430ರವರೆಗೆ (ಬುಲ್ಸ್‌ಐಗೆ 371ರವರೆಗೆ) ಇಳಿಸಿ, ಕಿಲ್ನ್ ಆರಿಸಿ, ಮುಚ್ಚಳ ತೆರೆಯದೆ ಬಿಡಿ. ಒಳಗಿನ ಬಿಸಿ 50ಕ್ಕಿಂತ ಕೆಳಗೆ ಬಂದ ಮೇಲೇ ಕೈ ಹಾಕಬೇಕು. ಈ ತಣಿಸುವ ಹಂತಕ್ಕೆ ಅನೀಲಿಂಗ್ ಎನ್ನುತ್ತಾರೆ. ಒಳಗಿನ ಗಾಜು, ಮೇಲ್ಮೈ ಗಾಜು ಎರಡೂ ಒಟ್ಟಿಗೆ ಬಿಗಿಯಾಗಲು ಸಮಯ ಕೊಡುವುದೇ ಇದರ ಕೆಲಸ. ಕಿಲ್ನ್‌ನಿಂದ ಕಿಲ್ನ್‌ಗೆ ಮೀಟರ್ ಹತ್ತಿಪ್ಪತ್ತು ಡಿಗ್ರಿ ಆಚೀಚೆ ತೋರಿಸುವುದರಿಂದ ಮೊದಲ ಕೆಲವು ಸುತ್ತು ಪರೀಕ್ಷೆಯ ತುಂಡುಗಳಿಗೇ ಮೀಸಲಿರಲಿ.

ಬಿರುಕು ಬಿಟ್ಟ ತುಂಡನ್ನು ಎಸೆಯುವ ಮುನ್ನ ಅಂಚು ಮುಟ್ಟಿ ನೋಡಿ. ಅಂಚು ದುಂಡಗಾಗಿದ್ದರೆ ಏರುವಾಗಲೇ ಒಡೆದಿದೆ, ಬಿಸಿ ಜೋರಾಯಿತು ಎಂದರ್ಥ. ಚೂಪಾಗಿದ್ದರೆ ತಣಿಯುವಾಗ ಒಡೆದದ್ದು. ಬಿರುಕು ಎರಡು ಬಣ್ಣ ಕೂಡುವ ಗೆರೆಯನ್ನೇ ಹಿಡಿದು ಸಾಗಿದ್ದರೆ ಗಾಜುಗಳು ಹೊಂದಿಲ್ಲ, ಎಷ್ಟು ನಿಧಾನ ತಣಿಸಿದರೂ ಆ ಜೋಡಿ ಉಳಿಯದು.

ನಮ್ಮ ಊರುಗಳಲ್ಲಿ ಕರೆಂಟಿನ ಮಾತು ಆಡದೆ ಈ ಕಸುಬು ಹೇಳಿಕೊಡಲಾಗದು. ಏರುವ ಹಂತದಲ್ಲಿ ಕರೆಂಟ್ ಹೋದರೆ ನಷ್ಟವಿಲ್ಲ, ಮೊದಲಿಂದ ನಿಧಾನ ಶುರು ಮಾಡಿದರಾಯಿತು. 550ರ ಆಸುಪಾಸಿನಲ್ಲಿ ಹೋದರೆ ಚಿಕ್ಕ ಕಿಲ್ನ್ ಬೇಗ ತಣಿದು ಗಾಜಿನಲ್ಲಿ ಎಳೆತ ಉಳಿಯುತ್ತದೆ. ಮುಚ್ಚಳ ತೆರೆಯದೆ ಹಾಗೇ ಬಿಟ್ಟು, ಕರೆಂಟ್ ಮರಳಿ ಬಂದ ಮೇಲೆ ನಿಧಾನವಾಗಿ ಮತ್ತೆ 550ಕ್ಕೆ ಏರಿಸಿ ಪೂರ್ತಿ ಅನೀಲಿಂಗ್ ಮಾಡಬೇಕು. ಕಿಲ್ನ್‌ನ ಬಿಸಿಯನ್ನು ತಾನೇ ಏರಿಳಿಸುವ ಕಂಟ್ರೋಲರ್ ಕೊಳ್ಳುವಾಗಲೇ, ಕರೆಂಟ್ ಮರಳಿದಾಗ ಅದು ಬಿಟ್ಟಲ್ಲಿಂದ ಮುಂದುವರಿಯುತ್ತದೋ ಮೊದಲಿಂದ ಶುರು ಮಾಡುತ್ತದೋ ಕೇಳಿ ತಿಳಿಯಿರಿ. 2 ಕಿಲೊವ್ಯಾಟ್ ಕಿಲ್ನ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್, ಅದಕ್ಕೇ ಪ್ರತ್ಯೇಕ ಎಂಸಿಬಿ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಸಲ್ಲದು. ಫೈಬರ್ ಪೇಪರ್ (ಬಿಸಿ ತಾಳುವ ನಾರಿನ ಕಾಗದ), ಕಿಲ್ನ್ ವಾಷ್ ಇವುಗಳ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಎನ್95 ಮಾಸ್ಕ್ ಹಾಕಿ, ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯಲ್ಲಂತೂ ಈ ಕೆಲಸ ಬೇಡವೇ ಬೇಡ.

ಕೊಂಡಿ ಕೂರಿಸುವಲ್ಲಿಯೂ ಹೆಸರು ಕೆಡುತ್ತದೆ. ನುಣುಪು ಗಾಜಿಗೆ ಅಂಟು ಹಾಕಿದರೆ ಬೆವರು, ಸೆಕೆಗೆ ಬಿಡುತ್ತದೆ, ಕರಾವಳಿಯಲ್ಲಿ ಇನ್ನೂ ಬೇಗ. ಎರಡೂ ಮೈಯನ್ನು ಡೈಮಂಡ್ ಫೈಲಿನಿಂದ ಗೀರಿ, ಸ್ಪಿರಿಟ್‌ನಲ್ಲಿ ಒರೆಸಿ, ಎಪಾಕ್ಸಿ ಹಾಕಿ, ಒಂದು ಪೂರ್ತಿ ದಿನ ಕದಲಿಸದೆ ಇಡಿ. ಇದಕ್ಕಿಂತ ಗಟ್ಟಿ ದಾರಿ, ಬೆಸೆಯುವ ಮೊದಲೇ ಎರಡು ಪದರಗಳ ನಡುವೆ ಮೇಲ್ತುದಿಯಲ್ಲಿ ಫೈಬರ್ ಪೇಪರಿನ ಸಣ್ಣ ಪಟ್ಟಿ ಅಡ್ಡ ಇಡುವುದು. ಆಮೇಲೆ ನೀರಲ್ಲಿ ನೆನೆಸಿ ತೆಗೆದರೆ ದಾರ ಹೋಗುವಷ್ಟು ತೂತು ಉಳಿಯುತ್ತದೆ. ತೂಕವನ್ನೂ ಲೆಕ್ಕ ಹಾಕಿ. ಗಾಜು ಘನ ಸೆಂ.ಮೀ.ಗೆ ಎರಡೂವರೆ ಗ್ರಾಂ. 2 ಸೆಂ.ಮೀ. ಚೌಕದ, 6 ಮಿ.ಮೀ. ದಪ್ಪದ ಓಲೆ ಒಂದೊಂದೂ 6 ಗ್ರಾಂ ತೂಗಿ ಕಿವಿ ಜಗ್ಗುತ್ತದೆ. 12 ಮಿ.ಮೀ. ಚೌಕವಾದರೆ ಎರಡು ಗ್ರಾಂ ಚಿಲ್ಲರೆ. ಕಿವಿಯ ಕೊಕ್ಕೆ ನಿಕಲ್ ಲೇಪದ್ದಾದರೆ ಹಲವರಿಗೆ ತುರಿಕೆ. ಬೆಳ್ಳಿಯದ್ದೇ ಹಾಕಿ, ಬೆಲೆಯಲ್ಲಿ ಸೇರಿಸಿ.

ಬೆಲೆ ಕಟ್ಟುವಾಗ ಗಾಜಿನ ದರಕ್ಕೆ ಎರಡು ಪಟ್ಟು ಎನ್ನುವ ಲೆಕ್ಕ ತಪ್ಪು. ಕತ್ತರಿಸಿ ತೊಳೆದು ಜೋಡಿಸುವ ಹೊತ್ತು, ಕೆಟ್ಟ ತುಂಡುಗಳು, ಪ್ರತಿ ಸುತ್ತಿಗೂ ಮೀಟರ್ ನೋಡಿ ಬರೆದ ಯೂನಿಟ್ ಎಲ್ಲ ಸೇರಬೇಕು. 20 ಸೆಂ.ಮೀ. ಶೆಲ್ಫಿನಲ್ಲಿ ಇಪ್ಪತ್ತು ಪೆಂಡೆಂಟ್ ಹಿಡಿಯುತ್ತವೆ. ನಾಲ್ಕನ್ನೇ ಇಟ್ಟು ಉರಿಸಿದರೆ ಒಂದೊಂದರ ಕರೆಂಟ್ ಖರ್ಚು ಐದು ಪಟ್ಟು. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಹಣ ಕಟ್ಟಬೇಕಿಲ್ಲ, ಮಾಡಿಸಿಕೊಡುತ್ತೇವೆಂದು ಶುಲ್ಕ ಕೇಳುವವರಿಗೆ ಕೊಡಬೇಡಿ.

ಸರ್ಕಾರಕ್ಕೂ ಒಂದು ಮಾತು. ಕುಶಲಕರ್ಮಿಗಳಿಗೆ ನೆರವಾಗಲು 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರು, ಕುಂಬಾರರು, ಹೂ ಕಟ್ಟುವವರು ಇದ್ದಾರೆ, ಗಾಜಿನ ಕೆಲಸದವರಿಲ್ಲ. ಪಟ್ಟಿ ಪರಿಷ್ಕರಿಸುವಾಗ ಗಾಜಿನ ಕೆಲಸವನ್ನೂ ಸೇರಿಸಬೇಕು. ಅದಕ್ಕೂ ಮೊದಲೇ ಆಗಬಹುದಾದದ್ದೊಂದಿದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಕೇಂದ್ರಗಳು ಜಿಲ್ಲೆಗಳಲ್ಲಿವೆ. ಅಂಥ ಕೇಂದ್ರಗಳಲ್ಲಿ ಕಂಟ್ರೋಲರ್ ಇರುವ ಒಂದು ಕಿಲ್ನ್, ಎರಡು ಪೋಲರೈಸಿಂಗ್ ಫಿಲ್ಮ್ ಇಟ್ಟು, ತರಬೇತಿ ಪಡೆದವರಿಗೆ ಶೆಲ್ಫಿನ ಜಾಗಕ್ಕೆ ತಕ್ಕ ಬಾಡಿಗೆಯಲ್ಲಿ ಬಿಡಲಿ. ಸ್ವಂತ ಕಿಲ್ನ್‌ಗೆ ಸಾಲ ಮಾಡುವ ಮೊದಲು ಕೈ ಕುದುರುತ್ತದೋ ಇಲ್ಲವೋ, ಮಾಲು ಮಾರಾಟವಾಗುತ್ತದೋ ಇಲ್ಲವೋ ಎಂಬುದು ಕಲಿತವರಿಗೆ ಅಲ್ಲೇ ಗೊತ್ತಾಗುತ್ತದೆ.

– ಗಾಜು ಬೆಸುಗೆಯ ಕೆಲಸ ಮಾಡುವವರು ಮತ್ತು ಕಲಿಸುವವರು, ಮೈಸೂರು