ಮಗಳಿಗೊಂದು ಪತ್ರ: ನಿನ್ನ ಅಳು ನಾಟಕವಲ್ಲ

ಪುಟ್ಟೀ,

ಗೆಳತಿಯರೆಲ್ಲ ನಿನ್ನನ್ನು ಬಿಟ್ಟು ಹೊಸ ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದು ಗೊತ್ತಾದಾಗಿನಿಂದ ನೀನು ಸರಿಯಾಗಿ ಮಾತೇ ಆಡುತ್ತಿಲ್ಲ. "ಇಷ್ಟಕ್ಕೆಲ್ಲ ಅಳ್ತಾರಾ?" ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ನಿನ್ನ ವಯಸ್ಸಲ್ಲಿ ಇದು ನಿಜಕ್ಕೂ ಜಾಸ್ತಿ ನೋಯುತ್ತದೆ.

ಸೈಬರ್‌ಬಾಲ್ ಅಂತ ಒಂದು ಕಂಪ್ಯೂಟರ್ ಆಟ ಇದೆ. ಮೂವರು ಚೆಂಡು ಎಸೆದಾಡುವುದು, ಅಷ್ಟೇ. ಸ್ವಲ್ಪ ಹೊತ್ತಿಗೆ ಉಳಿದಿಬ್ಬರು ನಿನಗೆ ಚೆಂಡು ಕೊಡುವುದನ್ನೇ ನಿಲ್ಲಿಸಿ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ. ಅಸಲಿಗೆ ಅವರು ಮನುಷ್ಯರೇ ಅಲ್ಲ, ಬರೀ ಪ್ರೋಗ್ರಾಂ! ಆಗ ಲಂಡನ್ನಿನಲ್ಲಿದ್ದ ಮೆದುಳು ವಿಜ್ಞಾನಿ ಸಾರಾ ಜೇನ್ ಬ್ಲೇಕ್‌ಮೋರ್ ಅವರ ತಂಡ ಇದನ್ನು ಹದಿಹರೆಯದ ಹುಡುಗಿಯರಿಗೂ ದೊಡ್ಡ ಹೆಂಗಸರಿಗೂ ಆಡಿಸಿ ನೋಡಿತು. ಫಲಿತಾಂಶ ಬಂದಿದ್ದು 2010ರಲ್ಲಿ. ಹೊರಗಿಟ್ಟಾಗ ಹುಡುಗಿಯರ ಮನಸ್ಸೇ ಜಾಸ್ತಿ ಕುಗ್ಗಿತ್ತು.

ಅದೇ ತಂಡದ ಇನ್ನೊಂದು ಪರೀಕ್ಷೆ ನನಗೆ ಇನ್ನೂ ಇಷ್ಟ. ಒಂದು ಕಪಾಟು, ಅದರಾಚೆ ಒಬ್ಬ ನಿಂತಿದ್ದಾನೆ. ಕೆಲವು ಖಾನೆಗಳಿಗೆ ಅವನ ಕಡೆಯಿಂದ ಹಲಗೆ ಮುಚ್ಚಿದೆ, ಅಲ್ಲಿರುವುದು ನಿನಗೆ ಮಾತ್ರ ಕಾಣುತ್ತದೆ. ಅವನು "ಚಿಕ್ಕ ಚೆಂಡು ಸರಿಸು" ಅನ್ನುತ್ತಾನೆ. ಎಲ್ಲಕ್ಕಿಂತ ಚಿಕ್ಕ ಚೆಂಡು ಇರುವುದು ಮುಚ್ಚಿದ ಖಾನೆಯಲ್ಲಿ, ಅಂದರೆ ಅವನು ಹೇಳಿದ್ದು ಅದನ್ನಲ್ಲ. ಆದರೂ ಬಹಳ ಜನ ಅದಕ್ಕೇ ಕೈ ಹಾಕುತ್ತಾರೆ, ದೊಡ್ಡವರೂ ಕೂಡ. ಹದಿಹರೆಯದವರು ಇನ್ನೂ ಜಾಸ್ತಿ. ಇನ್ನೊಬ್ಬರ ಮನಸ್ಸು ಊಹಿಸುವಾಗ ಕೆಲಸ ಮಾಡುವ ಮೆದುಳಿನ ಜಾಗಗಳು, ಹಣೆಯ ಹಿಂದಿನ ಭಾಗವೂ ಸೇರಿ, ವಯಸ್ಸು 20 ದಾಟಿದ ಮೇಲೂ ಬದಲಾಗುತ್ತಲೇ ಇರುತ್ತವೆ.

ಈಗ ನಿನ್ನ ಗ್ರೂಪಿನ ವಿಷಯಕ್ಕೆ ಬಾ. ನಿನಗೆ ಕಾಣುತ್ತಿರುವುದು "ಬೇಕಂತಲೇ ಬಿಟ್ಟರು" ಅನ್ನುವುದೊಂದೇ. ಗ್ರೂಪ್ ಮಾಡಿದವಳಿಗೆ, ಇದು ನಿನಗೆ ಹೇಗೆ ಕಾಣಬಹುದು ಅನ್ನೋ ಯೋಚನೆಯೇ ಬಂದಿರಲಿಕ್ಕಿಲ್ಲ. ಅವಳಿಗೂ ನಿನ್ನಷ್ಟೇ ವಯಸ್ಸು, ಅಲ್ವಾ? ಬೇಕಂತಲೇ ಬಿಟ್ಟಿರಲೂಬಹುದು, ಇಲ್ಲ ಅನ್ನಲ್ಲ. ಸುಮ್ನೆ ಊಹಿಸಿಕೊಂಡು ರಾತ್ರಿಯೆಲ್ಲ ಕೊರಗುವ ಬದಲು ಅವಳನ್ನೇ ಕೇಳು.

ಆದರೆ ಅವಳೊಬ್ಬಳೇ ಸಿಕ್ಕಾಗ ಕೇಳು. ನಿಮ್ಮ ವಯಸ್ಸಿನವರಿಗೆ "ನಿನ್ನ ಓರಗೆಯವರೊಬ್ಬರು ಕ್ಯಾಮೆರಾದಲ್ಲಿ ನಿನ್ನನ್ನು ನೋಡುತ್ತಿದ್ದಾರೆ" ಅಂತ ಸುಳ್ಳೇ ಹೇಳಿದರೂ ಸಾಕು, ಮುಜುಗರ ಆಗಿ ಮೈ ಬೆವರುತ್ತದೆ. ಇದನ್ನೂ 2013ರಲ್ಲಿ ಬೇರೊಂದು ತಂಡದ ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ನಾಲ್ಕು ಜನರೆದುರು ಕೇಳಿದರೆ ಅವಳು ನಿನಗೆ ಉತ್ತರ ಕೊಡಲ್ಲ, ಆ ನಾಲ್ಕು ಜನರಿಗೆ ಕೊಡುತ್ತಾಳೆ.

ನನಗೂ ಇದೇ ನಿಯಮ. ನಿನ್ನ ಫ್ರೆಂಡ್ಸ್ ಎದುರು ನಿನ್ನನ್ನು ಬೈಯುವುದಿಲ್ಲ. ಬೈಯುವುದಿದ್ದರೆ ನಾವಿಬ್ಬರೇ ಇದ್ದಾಗ. ಬೈಯುವುದೇ ಇಲ್ಲ ಅಂತ ಮಾತ್ರ ಕೇಳಬೇಡ.

ನಿನ್ನ ಅಮ್ಮ